ಮಾರಕ್ಕ ಕುಡಿದ ಬಟ್ಟಲು

ಮಾರಕ್ಕ ಆ ಕ್ರೈಸ್ತ ದೇವಾಲಯದ ಒಳಗನ್ನು ಮೊದಲು ಕಂಡದ್ದು ಗೇಟಿನ ಕಂಬಿಗಳ ಸಂದಿಯಿಂದ, ಕೈಯಲ್ಲಿ ಪೊರಕೆ ಹಿಡಿದು ನಿಂತು. ಎಪ್ಪತ್ತಮೂರನೆಯ ಇಸವಿ, ಒಂದು ಭಾನುವಾರದ ಬೆಳಿಗ್ಗೆ. ಚಾಮರಾಜಪೇಟೆಯ ನಾಲ್ಕು ಅಡ್ಡರಸ್ತೆಗಳನ್ನು ಗುಡಿಸುವುದು ಅವಳ ಪಾಲಿಗೆ ಬಂದ ಕೆಲಸ. ಮೂರು ರಸ್ತೆ ಮುಗಿಸಿ ನಾಲ್ಕನೆಯದರ ತುದಿಗೆ ಬಂದಾಗ ದೇವಾಲಯದಲ್ಲಿ ಹಾಡು ನಿಂತಿತ್ತು. ಒಳಗೆ ಮರದ ಕಟಕಟೆಯ ಮುಂದೆ ಜನ ಸಾಲಾಗಿ ಮೊಣಕಾಲೂರಿದ್ದರು. ಬಿಳಿ ನಿಲುವಂಗಿಯ ಪಾದ್ರಿ ಅಯ್ಯನವರು ಒಂದು ಬೆಳ್ಳಿಯ ಬಟ್ಟಲನ್ನು ಒಬ್ಬರ ಬಾಯಿಗೆ ಹಿಡಿದು, ಅಂಚನ್ನು ಬಟ್ಟೆಯಿಂದ ಒರೆಸಿ, ಒಂದಿಷ್ಟು ತಿರುಗಿಸಿ, ಪಕ್ಕದವರ ಬಾಯಿಗೆ ಹಿಡಿಯುತ್ತಿದ್ದರು. ರೇಷ್ಮೆ ಸೀರೆಯ ಹೆಂಗಸು ಕುಡಿದಳು. ಅವಳ ಪಕ್ಕದಲ್ಲಿದ್ದ ಮುದುಕ ಕುಡಿದ. ಅವನ ಅಂಗಿಯ ಬೆನ್ನಿಗೆ ತೇಪೆ ಹಾಕಿತ್ತು.

ಮಾರಕ್ಕನ ಪೊರಕೆ ಅಲ್ಲೇ ನಿಂತಿತು.

ಅವಳಿಗೆ ಆಗ ಮೂವತ್ತೆಂಟು. ಆ ನಾಲ್ಕು ರಸ್ತೆಯ ಮನೆಗಳನ್ನು ಅವಳು ಬಾಗಿಲಿನಿಂದ ಗುರುತು ಹಿಡಿಯುತ್ತಿರಲಿಲ್ಲ, ತನಗೆ ಕಾಫಿ ಸುರಿಯುವ ಪಾತ್ರೆಯಿಂದ ಗುರುತು ಹಿಡಿಯುತ್ತಿದ್ದಳು. ಒಂದು ಮನೆಯಲ್ಲಿ ತೆಂಗಿನ ಚಿಪ್ಪು. ಇನ್ನೊಂದರಲ್ಲಿ ಕಾಂಪೌಂಡು ಗೋಡೆಯ ಗೂಡಿನಲ್ಲಿ ಕವುಚಿಟ್ಟ ಸೊಟ್ಟ ಅಲ್ಯೂಮಿನಿಯಂ ಲೋಟ. ಅದನ್ನು ಅವಳೇ ತೆಗೆದುಕೊಂಡು, ಅವಳೇ ಕೆಳಗಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಮನೆಯವರು ಮಾರೆತ್ತರದಿಂದ ಸುರಿದು ಒಳಗೆ ಹೋದ ಮೇಲೆ ಮುಂದೆ ಬಂದು ಎತ್ತಿಕೊಳ್ಳಬೇಕು. ಕಾಫಿ ಒಳ್ಳೆಯದೇ ಇರುತ್ತಿತ್ತು. ಎತ್ತರ ಮಾತ್ರ ಹದಿನೈದು ವರ್ಷದಲ್ಲಿ ಒಂದಂಗುಲವೂ ಇಳಿದಿರಲಿಲ್ಲ.

ಪ್ರಾರ್ಥನೆ ಮುಗಿದು ಜನ ಹೊರಗೆ ಬರುವ ತನಕ ಅವಳು ಕಾದಳು. ಎಲ್ಲರಿಗಿಂತ ಹಿಂದೆ ಬಂದವರು ಕಾವೇರಮ್ಮ, ಮುನಿಸಿಪಲ್ ಶಾಲೆಯ ಟೀಚರು. ಒಣದ್ರಾಕ್ಷಿಯನ್ನು ಹಿಂದಿನ ದಿನ ನೆನೆಹಾಕಿ, ಕುದಿಸಿ, ಹಿಂಡಿ, ತೆಳುಬಟ್ಟೆಯಲ್ಲಿ ಸೋಸಿ ಆ ಬಟ್ಟಲಿಗೆ ರಸ ಮಾಡಿ ತರುವವರು ಅವರೇ. ಖಾಲಿ ಬಾಟಲಿಯನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು.

"ಅಮ್ಮಾ, ಒಳಗೆ ಅದೇನು ಎಲ್ಲಾರೂ ಒಂದೇ ಬಟ್ಟಲಾಗೆ ಕುಡೀತವ್ರೆ? ಎಂಜ್ಲು ಅಲ್ವಾ?"

"ಎಂಜಲೇ," ಅಂದರು ಕಾವೇರಮ್ಮ. "ಅದಕ್ಕೇ ಕುಡಿಯೋದು. ಕರ್ತನ ಊಟಕ್ಕೆ ಒಂದೇ ಬಟ್ಟಲು. ನಂದು ಬೇರೆ, ನಿಂದು ಬೇರೆ ಅನ್ನೋ ಹಾಗಿಲ್ಲ."

"ಅಂಗಾರೆ ನಾನು ಕುಡಿದ್ರೆ?"

"ನೀವು ಕುಡಿದರೂ ಅದೇ ಬಟ್ಟಲು."

ಮಾರಕ್ಕ ನಕ್ಕಳು. ನಂಬಿ ನಕ್ಕದ್ದಲ್ಲ. ಆದರೆ ಆ ರಸ್ತೆಯಲ್ಲಿ ಯಾರೂ ಅವಳಿಗೆ 'ನೀವು' ಅಂದಿರಲಿಲ್ಲ. ಅದು ಅವಳ ಜೊತೆಗೆ ನಡೆದುಕೊಂಡು ತ್ಯಾಗರಾಜನಗರದಾಚೆಯ ಗುಡಿಸಲ ಸಾಲಿನ ತನಕ ಬಂತು.

ಅವಳ ಗಂಡ ಆಂಜಿನಯ್ಯ ಕಾಮಾಲೆಯಿಂದ ತೀರಿಕೊಂಡು ಆಗ ಆರು ತಿಂಗಳು. ಮುಂದಿನ ಬುಧವಾರ ಸಂಜೆ ಅವಳು ಕಾವೇರಮ್ಮನ ಮನೆ ಹುಡುಕಿಕೊಂಡು ಹೋಗಿ, ಹೊಸ್ತಿಲಾಚೆಯೇ ನಿಂತು ಕೇಳಿದ್ದು ಒಂದೇ ಮಾತು.

"ಟೀಚರಮ್ಮ, ನಿಮ್ಮ ದೇವ್ರಿಗೆ ನನ್ ಮೇಲೆ ಪ್ರೀತಿ ಅಂತಾರಲ್ಲ. ಅಂಗಿದ್ರೆ ನನ್ ಗಂಡನ್ನ ಯಾಕೆ ಕರ್ಕಂಡ?"

"ಗೊತ್ತಿಲ್ಲ ಮಾರಕ್ಕ. ಒಳಗೆ ಬನ್ನಿ."

ಗೊತ್ತಿಲ್ಲ ಅಂದದ್ದೇ ಅವಳಿಗೆ ಹಿಡಿಸಿತು. ಗಂಡ ಸತ್ತ ಮೇಲೆ ಎಲ್ಲರೂ ಅವಳಿಗೆ ಕಾರಣ ಹೇಳುತ್ತಿದ್ದರು. ಅವಳ ಗ್ರಹಚಾರ, ಅವಳ ಕಾಲ್ಗುಣ, ಯಾವುದೋ ಹರಕೆ ತೀರಿಸದ ಪಾಪ. ಈಕೆ ಮಾತ್ರ ಏನೂ ಹೇಳದೆ ಚಾಪೆ ಹಾಸಿದರು.

ಎರಡು ವರ್ಷ ಆ ಮನೆಯ ಬುಧವಾರದ ಬೈಬಲ್ ಪಾಠ ತಪ್ಪಲಿಲ್ಲ. ಓದು ಬರಲಿಲ್ಲ, ಆದರೆ ಕೇಳಿದ್ದು ಒಂದೂ ಮರೆಯುತ್ತಿರಲಿಲ್ಲ. ದೀಕ್ಷಾಸ್ನಾನಕ್ಕೆ ಮುಂಚೆ ಆಗಿನ ಹಳೆಯ ಅಯ್ಯನವರು ಕನ್ನಡಕ ಸರಿಮಾಡಿಕೊಂಡು, "ಮಾರಕ್ಕ ಅನ್ನೋದು ಮಾರಿಯ ಹೆಸರಮ್ಮ. ಬೇರೆ ಇಟ್ಟುಕೊಳ್ಳಿ. ಮರಿಯಮ್ಮ ಅಂತ ಇಡೋಣವಾ?" ಅಂದರು.

"ಮಾರಕ್ಕ ಅಂತಲೇ ಇರ್ಲಿ ಅಯ್ನೋರೇ. ಇಷ್ಟು ದಿನ ದೇವ್ರು ಕರೆದಿದ್ದು ಈ ಹೆಸ್ರಲ್ಲೇ. ಈಗ ಬದಲಾಯಿಸಿದ್ರೆ ಯಾರನ್ನೋ ಕರೀತವ್ನೆ ಅಂತ ನಾನು ಸುಮ್ನಿದ್ದುಬಿಟ್ರೆ?"

ಅಯ್ಯನವರು ಹೆಸರು ಬದಲಾಯಿಸಲಿಲ್ಲ.

ಅವಳ ಪ್ರಾರ್ಥನೆ ರಸ್ತೆಯ ಮೇಲೆ ನಡೆಯುತ್ತಿತ್ತು. ಯಾವ ಮನೆ ಮುಂದೆ ಪೊರಕೆ ಆಡುತ್ತಿತ್ತೋ ಆ ಮನೆಯವರನ್ನು ನೆನೆಸಿಕೊಳ್ಳುವಳು. ಇವರ ಮಗಳಿಗೆ ಹೆರಿಗೆ ಸುಸೂತ್ರ ಆಗಲಿ, ಅವರ ಮುದುಕಪ್ಪನ ದಮ್ಮು ಇಳಿಯಲಿ. ಸೊಟ್ಟ ಲೋಟದ ಮನೆ ಬಂದಾಗ ಮಾತ್ರ, "ಇವ್ರನ್ನೂ ನೋಡ್ಕಪ್ಪ. ನಂಗೆ ಮನಸ್ಸಿಲ್ಲ, ನೀನೇ ನೋಡ್ಕ," ಎನ್ನುವಳು. ದೇವರ ಹತ್ತಿರ ಸುಳ್ಳು ಹೇಳುವುದು ಅವಳಿಗೆ ಗೊತ್ತಿರಲಿಲ್ಲ.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ರೊಟ್ಟಿ ಮುರಿದು ಆ ಬಟ್ಟಲು ಹಂಚುವ ಆರಾಧನೆ. ಅವಳು ನಸುಕಿಗೇ ಕೆಲಸ ಮುಗಿಸಿ, ಸ್ನಾನ ಮಾಡಿ, ಒಗೆದ ಸೀರೆಯುಟ್ಟು ಬಂದು ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕೂರುವಳು. ದೇವಾಲಯದ ಜವಾನ ದೇವಯ್ಯನೂ ಅದೇ ಬೆಂಚು. ಮುಂದಿನ ಬೆಂಚು ಚೂಡಾಮಣಿಯಮ್ಮನವರದು. ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅವರ ಯಜಮಾನರು ಸತ್ಯನಾಥಯ್ಯ, ಸಭೆಯ ಹಿರಿಯರು, ಕಮಿಟಿಯಲ್ಲಿ ಅವರ ಮಾತೇ ಮಾತು. ಕರ್ತನ ಬಟ್ಟಲು ಮುಂದಿನ ಬೆಂಚಿನಿಂದ ಹೊರಟು ಕೊನೆಯ ಬೆಂಚಿಗೆ ಬರುತ್ತಿತ್ತು. ಮಾರಕ್ಕನ ಬಾಯಿ ಮುಟ್ಟಿದ ಮೇಲೆ ಅಯ್ಯನವರನ್ನು ಬಿಟ್ಟರೆ ಮುಟ್ಟುವವರು ಯಾರೂ ಉಳಿದಿರುತ್ತಿರಲಿಲ್ಲ. ಮನೆಗೆ ಬಂದ ಹೊಸ ಸೊಸೆ ಕೊನೆಗೆ ಉಣ್ಣುವ ಹಾಗೆ ಇದೂ ಒಂದು ಕ್ರಮ ಎಂದು ಅವಳು ತಿಳಿದಿದ್ದಳು. ಇದೆಂಥ ಕ್ರಮ ಎಂದು ಅವಳಿಗೆ ತಿಳಿಹೇಳಲು ಸಭೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಹಾಗೆ ಮೂರು ವರ್ಷ ಎಲ್ಲರೂ ಒಂದೇ ಬಟ್ಟಲಲ್ಲಿ ಕುಡಿದು, ಒಂದೇ ಕುಟುಂಬ ಎಂದು ಹಾಡಿಕೊಂಡು, ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು.

ಎಪ್ಪತ್ತೆಂಟರಲ್ಲಿ ಹೊಸ ಅಯ್ಯನವರು ಬಂದರು. ಜಯಶೀಲ ಎಂದು ಹೆಸರು, ಸಣ್ಣ ಆಳು, ಮೆತ್ತಗಿನ ದನಿ. ಅಲ್ಲಿಯ ತನಕ ತುಮಕೂರು ಕಡೆಯ ಒಂದು ಹಳ್ಳಿಯ ಸಭೆಯಲ್ಲಿ ಇದ್ದವರು. ಅಲ್ಲಿ ಇದ್ದದ್ದೇ ಮೂವತ್ತು ಮನೆ, ಎಲ್ಲಾ ಒಂದೇ ಕೇರಿ. ಅವರ ಮೊದಲ ಕರ್ತನ ಭೋಜನದ ದಿನ, ರೊಟ್ಟಿ ಮುರಿದು ಬಟ್ಟಲೆತ್ತಿ ಪ್ರಾರ್ಥನೆ ಮಾಡಿದ ಮೇಲೆ, ತಮ್ಮ ಹಳ್ಳಿಯ ರೂಢಿಯಲ್ಲಿ ಅಂದರು, "ಹಿಂದಿನ ಸಾಲಿನವರು ಮೊದಲು ಬನ್ನಿ."

ಮಾರಕ್ಕ ಎದ್ದಳು. ಬಟ್ಟಲಿನ ಮೊದಲ ಗುಟುಕು ಅವಳು ಕುಡಿದಳು. ಆಮೇಲೆ ದೇವಯ್ಯ. ಆಮೇಲೆ ಕೊನೆಯ ಬೆಂಚಿನ ಇನ್ನಿಬ್ಬರು. ತನ್ನ ಜಾಗಕ್ಕೆ ವಾಪಸು ಬಂದು ಕೂತಾಗ ಮಾರಕ್ಕನ ಕಣ್ಣು ತುಂಬಿತ್ತು. ಆ ದಿನ ಮೊದಲ ಸಲ ಅವಳಿಗೆ ದ್ರಾಕ್ಷಾರಸ ಬೆಚ್ಚಗೆ ಅನ್ನಿಸಲಿಲ್ಲ, ಮೊದಲು ಕುಡಿದವರ ಉಸಿರು ತಗಲದೆ ತಣ್ಣಗಿತ್ತು.

ನಡುವಿನ ಬೆಂಚಿನವರು ಬಂದರು. ರೊಟ್ಟಿ ತೆಗೆದುಕೊಂಡರು. ಬಟ್ಟಲು ಬಂದಾಗ ಒಬ್ಬಾಕೆ ಕೆಮ್ಮಿ ಬಾಯಿಗೆ ಸೆರಗಿಟ್ಟುಕೊಂಡಳು. ಇನ್ನೊಬ್ಬರು ತಲೆ ಬಗ್ಗಿಸಿ ಎತ್ತಲೇ ಇಲ್ಲ. ಕಾವೇರಮ್ಮ ಕುಡಿದರು, ಇನ್ನು ಮೂರು ನಾಲ್ಕು ಜನ ಕುಡಿದರು. ಮುಂದಿನ ಬೆಂಚಿನ ಸರದಿ ಬಂದಾಗ ಚೂಡಾಮಣಿಯಮ್ಮ ಬಟ್ಟಲು ತಮ್ಮ ಮುಖದ ಹತ್ತಿರ ಬಂದದ್ದೇ ಎದ್ದು, ಸೆರಗು ಸರಿಮಾಡಿಕೊಂಡು, ಜಾಗಕ್ಕೆ ಹೋಗಿ ಕೂತರು. ಅವರ ಹಿಂದೆಯೇ ಆ ಸಾಲು ಪೂರಾ ಎದ್ದಿತು.

ಆಶೀರ್ವದಿಸಿದ ರಸವನ್ನು ಉಳಿಸುವ ಹಾಗಿಲ್ಲ, ಚೆಲ್ಲುವ ಹಾಗೂ ಇಲ್ಲ. ಉಳಿದದ್ದನ್ನು ಅಯ್ಯನವರೇ ಕುಡಿದು ಮುಗಿಸಬೇಕು. ಯಾವಾಗಲೂ ತಳದಲ್ಲಿ ಒಂದು ಗುಟುಕು ಉಳಿಯುತ್ತಿತ್ತು. ಅವತ್ತು ಮುಕ್ಕಾಲು ಬಟ್ಟಲು. ಜಯಶೀಲ ಅಯ್ಯನವರು ಜನಕ್ಕೆ ಬೆನ್ನು ಮಾಡಿ, ಆ ದೊಡ್ಡ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನಿಲ್ಲಿಸಿ ನಿಲ್ಲಿಸಿ ಕುಡಿದರು. ಕೆಮ್ಮು ಬಂತು. ಮತ್ತೆ ಕುಡಿದರು. ಸಭೆಯವರೆಲ್ಲ ಅದನ್ನು ನೋಡುತ್ತಾ ಕೂತಿದ್ದರು.

ಆಗಲೂ ಮಾರಕ್ಕನಿಗೆ ಅರ್ಥವಾಗಲಿಲ್ಲ. ಇವರಿಗೆಲ್ಲ ಏನೋ ಉಪವಾಸ ಇರಬೇಕು ಅಂದುಕೊಂಡಳು. ಅರ್ಥವಾದದ್ದು ಹೊರಗೆ, ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಿದ್ದಾಗ. ಚೂಡಾಮಣಿಯಮ್ಮ ಪಕ್ಕದವರಿಗೆ ಹೇಳುತ್ತಿದ್ದರು, ದನಿ ಇಳಿಸುವ ಗೋಜಿಗೂ ಹೋಗದೆ.

"ಬೆಳಿಗ್ಗೆ ನಮ್ಮ ಮನೆ ಮುಂದಿನ ಮೋರಿ ಬಳಿದ ಕೈ ಬಾಯಿ ರೀ. ಅದು ಮುಟ್ಟಿದ್ದನ್ನ ನಾವು ಕುಡಿಯೋದಾ? ಈ ಅಯ್ನೋರಿಗೆ ಅಷ್ಟೂ ತಿಳಿಯಲ್ವಾ?"

ಮಾರಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಹಾಗೇ ನಿಂತಳು. ಅವಳಿಗೆ ನೋವಾಗುವ ಮೊದಲು ಸಿಟ್ಟು ಬಂತು, ಬಂದದ್ದು ಇಳಿಯಲಿಲ್ಲ. ಸೊಟ್ಟ ಲೋಟದ ಮನೆಯವರ ಮೇಲೂ ಇಂಥ ಸಿಟ್ಟು ಬಂದಿರಲಿಲ್ಲ. ಅವರು ಒಂದೇ ಬಟ್ಟಲು ಎಂದು ಅವಳನ್ನು ಕರೆದಿರಲಿಲ್ಲವಲ್ಲ.

ಎರಡು ವಾರದಲ್ಲಿ ಕಮಿಟಿ ಕೂತಿತು. ಯಾರ ಹೆಸರೂ ಬರಲಿಲ್ಲ. ಬಂದದ್ದು ಆರೋಗ್ಯ. ಒಂದೇ ಪಾತ್ರೆಯಿಂದ ರೋಗ ಹರಡುತ್ತದೆ, ಶೀತ, ಕ್ಷಯ, ಕಾಲ ಬದಲಾಗಿದೆ. ನೂರು ವರ್ಷದಿಂದ ಹರಡದ ರೋಗ ಆ ಒಂದು ಭಾನುವಾರ ಎಲ್ಲಿಂದ ಬಂತು ಎಂದು ಕೇಳುವವರು ಇರಲಿಲ್ಲ. ಸತ್ಯನಾಥಯ್ಯನವರು ತಮ್ಮ ತಾಯಿಯವರ ನೆನಪಿಗೆ ಅರವತ್ತು ಗಾಜಿನ ಪುಟ್ಟ ಲೋಟಗಳನ್ನೂ, ಅವು ಕೂರಲು ತೂತು ಕೊರೆದ ತಟ್ಟೆಗಳನ್ನೂ ಕೊಡುವುದಾಗಿ ಹೇಳಿದರು. ಔಷಧಿ ಕುಡಿಸುವ ಲೋಟದಷ್ಟು ಗಾತ್ರ, ಒಬ್ಬೊಬ್ಬರಿಗೆ ಒಂದೊಂದು. ಎಲ್ಲರೂ ತಲೆಯಾಡಿಸಿದರು.

ಆಗ ಯಾರೋ ಕೇಳಿದರು, "ಅರವತ್ತು ಲೋಟ ತೊಳೆಯೋರು ಯಾರು?"

"ಅದಕ್ಕೇನು, ಮಾರಕ್ಕ ಇದ್ದಾಳಲ್ಲ," ಅಂದರು ಸತ್ಯನಾಥಯ್ಯ.

ಇದನ್ನು ಮಾರಕ್ಕನಿಗೆ ತಂದು ಹೇಳಿದವರು ಕಾವೇರಮ್ಮ. ಬುಧವಾರ ಅವಳು ಬರಲಿಲ್ಲವೆಂದು ಅವರೇ ಗುಡಿಸಲ ಸಾಲಿಗೆ ಬಂದಿದ್ದರು. ಮಾರಕ್ಕ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಕೇಳುತ್ತಾ ಕೇಳುತ್ತಾ ಅವಳ ಕೈ ನಿಂತಿತು.

"ಅಂದ್ರೆ, ನನ್ ಎಂಜ್ಲು ಅವ್ರಿಗೆ ಆಗಾಕಿಲ್ಲ. ಅವ್ರ ಅರವತ್ತು ಎಂಜ್ಲು ನಾನು ತೊಳೀಬೇಕು."

"ಹೌದು."

"ಟೀಚರಮ್ಮ, ಆ ಕಮಿಟೀಲಿ ನೀವೂ ಇದ್ರಲ್ಲ?"

"ಇದ್ದೆ."

"ಏನಂದ್ರಿ?"

ಕಾವೇರಮ್ಮ ಸೊಪ್ಪಿನ ಕಡೆ ನೋಡಿದರು. "ಏನೂ ಅನ್ನಲಿಲ್ಲ ಮಾರಕ್ಕ. ಅಷ್ಟು ಜನ ಗಂಡಸರು, ನಾನೊಬ್ಬಳು. ಆಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ ಪ್ರಾರ್ಥನೆ ಮಾಡಿ ಮುಗಿಸಿಬಿಟ್ಟರು."

"ಅವತ್ತು ಗೇಟಿನ ಹತ್ರ ನಿಂತ್ಕಂಡು ಯೋಳಿದ್ರಲ್ಲ, ನೀವು ಕುಡಿದರೂ ಅದೇ ಬಟ್ಟಲು ಅಂತ. ಅಷ್ಟೇ ಯೋಳಿದ್ರೆ ಸಾಕಾಗಿತ್ತು." ಮಾರಕ್ಕನ ದನಿ ಏರಿತು. ಪಕ್ಕದ ಗುಡಿಸಲಿನವರು ಇಣುಕಿದರು. "ಚೂಡಾಮಣಿಯಮ್ಮ ಅಂಗಂದ್ರೆ ಅನ್ಲಿ, ಅವ್ರು ನಂಗೆ ಯಾವತ್ತೂ ಬಾ ಅಂದೋರಲ್ಲ. ನೀವು ಬನ್ನಿ ಅಂದೋರು! ಓಗಿ ಟೀಚರಮ್ಮ. ಇವತ್ತು ಓಗಿ. ನಾನೇನಾದ್ರೂ ಅಂದುಬಿಟ್ಟೇನು."

ಕಾವೇರಮ್ಮ ಹೋದರು. ಅವಳು ಅನ್ನುವುದನ್ನೆಲ್ಲ ಅಂದೇ ಬಿಟ್ಟಿದ್ದಳು.

ಮಾರಕ್ಕ ದೇವಾಲಯ ಬಿಟ್ಟಳು. ಒಂದು ತಿಂಗಳಲ್ಲ, ಎಂಟು ತಿಂಗಳು. ಗುಡಿಸುವ ಕೆಲಸ ಬಿಡುವ ಹಾಗಿರಲಿಲ್ಲ, ಆದ್ದರಿಂದ ದಿನಾ ಬೆಳಿಗ್ಗೆ ಅದೇ ಗೇಟಿನ ಮುಂದೆ ಪೊರಕೆ ಆಡಿಸುವಳು. ಪ್ರಾರ್ಥನೆ ಬಿಟ್ಟಳೇ ಎಂದರೆ, ಬಿಡಲಿಲ್ಲ. ಆದರೆ ಈಗ ಅದು ಜಗಳ. "ನಿನ್ ಮನೆ ಜನ ಇಂಗೆ ಅಂತ ಗೊತ್ತಿದ್ದೂ ಯಾಕೆ ಕರೆದೆ? ನಾನೇನು ಕೇಳಿದ್ನಾ? ನನ್ ಚಿಪ್ಪು ನಂಗಿತ್ತು!" ಎದುರು ಮನೆಯ ವೀರಭದ್ರಯ್ಯನವರು ಪೇಪರ್ ಓದುತ್ತಾ ಕೂತವರು ಒಂದು ದಿನ ತಲೆಯೆತ್ತಿ, "ಯಾರ ಹತ್ರ ಜಗಳ ಮಾರಕ್ಕ?" ಎಂದು ಕೇಳಿದರು. "ನಮ್ಮ ಯಜಮಾನ್ರ ಹತ್ರ ಬುದ್ಧಿ," ಅಂದಳು. ಗಂಡ ಸತ್ತು ಎಷ್ಟು ವರ್ಷವಾಯಿತು ಪಾಪ ಎಂದು ಅವರು ಪೇಪರಿನೊಳಗೆ ಹೋದರು.

ಮಳೆಗಾಲ ಕಳೆದ ಮೇಲೆ ಜಯಶೀಲ ಅಯ್ಯನವರು ಅವಳನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಪುಟ್ಟ ಪೆಟ್ಟಿಗೆ. ಹಾಸಿಗೆ ಹಿಡಿದವರಿಗೆ, ಮುದುಕರಿಗೆ, ಮನೆಗೇ ಕರ್ತನ ಭೋಜನ ಒಯ್ಯುವ ಪೆಟ್ಟಿಗೆ.

"ಮಾರಕ್ಕ, ನೀವು ಬರದೆ ತುಂಬಾ ದಿನ ಆಯ್ತು. ನನ್ನ ತಪ್ಪಿಂದ ಆಗಿದ್ದು. ನೀವು ಅಲ್ಲಿಗೆ ಬರೋದು ಬೇಡ, ನಾನೇ ತಿಂಗಳಿಗೊಂದು ಸಲ ಇಲ್ಲಿಗೆ ಬಂದು ಕೊಡ್ತೀನಿ."

ಮಾರಕ್ಕ ಪೆಟ್ಟಿಗೆ ನೋಡಿದಳು, ಅವರ ಮುಖ ನೋಡಿದಳು.

"ಯಾಕೆ ಅಯ್ನೋರೇ, ನಂಗೇನು ಕಾಯಿಲೆನಾ?"

"ಹಾಗಲ್ಲಮ್ಮಾ..."

"ಕಾಯಿಲೆ ಅಲ್ಲಿ ಐತೆ, ಔಸ್ದಿ ಇಲ್ಲಿಗೆ ತಂದೀರಲ್ಲ."

ಅಯ್ಯನವರು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತರು. ಅವರು ಕೆಟ್ಟವರಲ್ಲ. ಒಳ್ಳೆಯವರು, ಅದೇ ತೊಂದರೆ. ಯಾರಿಗೂ ನೋವಾಗಬಾರದು ಎಂದುಕೊಂಡು, ನೋವಾದವಳನ್ನೇ ಪಕ್ಕಕ್ಕಿರಿಸುವ ದಾರಿ ಹುಡುಕಿಕೊಂಡಿದ್ದರು.

"ಆ ದೊಡ್ಡ ಬಟ್ಟಲು ಏನಾಯ್ತು?" ಮಾರಕ್ಕ ಕೇಳಿದಳು.

"ಬೀರುವಿನಲ್ಲಿದೆ. ಮಾರಬಾರದು ಅಂತ ನಾನು ಹಿಡಿದುಕೊಂಡಿದೀನಿ."

"ಅಷ್ಟಾದ್ರೂ ಮಾಡಿದ್ರಲ್ಲ," ಅಂದಳು. ಅವರಿಗೆ ಒಂದು ಲೋಟ ಕಾಫಿ ಕೊಟ್ಟಳು. ಅವರು ಕುಡಿದರು, ದೇವರಿಗೆ ಸ್ತೋತ್ರ ಅಂದರು, ಪೆಟ್ಟಿಗೆ ತೆರೆಯದೆ ವಾಪಸು ಹೋದರು.

ಅಷ್ಟಕ್ಕೆ ನಿಂತಿದ್ದರೆ ಮಾರಕ್ಕ ಆ ಸಿಟ್ಟನ್ನೇ ಹೊದ್ದು ಉಳಿದ ಆಯುಸ್ಸು ಕಳೆಯುತ್ತಿದ್ದಳೋ ಏನೋ. ಆದರೆ ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಚಿಂದಿ ಆಯುವ ಒಬ್ಬ ಹೆಂಗಸು ಬಾಗಿಲಿಗೆ ಬಂದಳು. ಎಲ್ಲಿಯವಳೋ, ಬೆನ್ನಿಗೆ ಗೋಣಿಚೀಲ, ಚೀಲಕ್ಕೆ ಮುತ್ತಿದ ನೊಣ, ಕೈಯೆಲ್ಲ ಹುಣ್ಣು.

"ಒಂದ್ ಗುಟುಕು ನೀರು ಕೊಡವ್ವ."

ಮಾರಕ್ಕ ಒಳಗೆ ಹೋಗಿ ಚೊಂಬು ತುಂಬಿಕೊಂಡು ಬಂದಳು. ಆ ಹೆಂಗಸು ಬಗ್ಗಿ ಬೊಗಸೆ ಹಿಡಿದಳು. ಮಾರಕ್ಕ ಕೈಯೆತ್ತಿ ಮೇಲಿಂದ ಸುರಿದಳು. ಅರ್ಧ ನೀರು ಬಾಯಿಗೆ, ಅರ್ಧ ಮೊಣಕೈಯಿಂದ ಇಳಿದು ನೆಲಕ್ಕೆ.

ಕೈ ಹಾಗೇ ಗಾಳಿಯಲ್ಲಿ ನಿಂತಿತು. ಆ ಎತ್ತರ ಅವಳಿಗೆ ಗೊತ್ತಿತ್ತು. ಹದಿನೈದು ಇಪ್ಪತ್ತು ವರ್ಷ ಅದರ ಕೆಳಗೆ ನಿಂತವಳು ಅವಳು. ಸುರಿಯುವವರ ಕೈಗೆ ಅದು ಇಷ್ಟು ಸಲೀಸು ಎಂದು ಮಾತ್ರ ಗೊತ್ತಿರಲಿಲ್ಲ.

"ಥೂ!" ಅಂದಳು.

ಆ ಹೆಂಗಸು ಬೆದರಿ ಹಿಂದೆ ಸರಿದಳು. "ಓಯ್ತೀನವ್ವ, ಬೈಬೇಡ."

"ನಿಂಗಲ್ಲ ಕಣೇ, ನಂಗೆ. ತಗೋ, ಚೊಂಬಲ್ಲೇ ಕುಡಿ. ಕಚ್ಕಂಡು ಕುಡಿ."

"ಎಂಜ್ಲಾಯ್ತದೆ."

"ಆಗ್ಲಿ. ಕುಡಿ ಅಂದೆ."

ಹೆಂಗಸು ಅಳುಕುತ್ತಾ ಚೊಂಬು ತೆಗೆದುಕೊಂಡು, ಬಾಯಿಗಿಟ್ಟು, ಗಟಗಟನೆ ಕುಡಿದಳು. ತಳದಲ್ಲಿ ನಾಲ್ಕು ಗುಟುಕು ಉಳಿಯಿತು. ಮಾರಕ್ಕ ಚೊಂಬು ವಾಪಸು ಇಸಿದುಕೊಂಡಳು. ತೊಳೆಯಲು ಮನಸ್ಸು ಹಾರಿತು, ಹಾರಿದ್ದು ಅವಳಿಗೇ ಗೊತ್ತಾಯಿತು. ಆ ನಾಲ್ಕು ಗುಟುಕನ್ನು ಅವಳ ಎದುರಿಗೇ ಕುಡಿದಳು. ನೀರು ನೀರಿನ ಹಾಗೇ ಇತ್ತು.

ಅವತ್ತು ಸಂಜೆ ಅವಳು ದೇವರ ಹತ್ತಿರ ಜಗಳವಾಡಲಿಲ್ಲ. "ನಾನೂ ಚೂಡಾಮಣೀನೇ ಕಣಪ್ಪ," ಅಂದಳು. "ಇಂಥೋಳು ಅಂತ ಗೊತ್ತಿದ್ದೂ ನನ್ನೂ ಊಟಕ್ಕೆ ಕರೆದೆಯಲ್ಲ." ಸಿಟ್ಟು ಹೋಗಲಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಮಾತು ಹೊಳೆಯಿತು. ಕರೆದವನು ಮನೆಯ ಯಜಮಾನ. ಬಡಿಸುವವರು ಮುಖ ಗಂಟಿಕ್ಕಿದರೆ ಎಲೆ ಬಿಟ್ಟು ಎದ್ದು ಬರುವುದೇ? ಬಂದರೆ ಅವಮಾನ ಯಾರಿಗೆ? ಬಡಿಸಿದವರಿಗಲ್ಲ, ಕರೆದವನಿಗೆ. ಎಂಟು ತಿಂಗಳಿಂದ ಅವಳು ಚೂಡಾಮಣಿಯಮ್ಮನ ಮೇಲಿನ ಸಿಟ್ಟಿಗೆ ಅವನ ಊಟ ಬಿಟ್ಟಿದ್ದಳು.

ಮೇ ತಿಂಗಳ ಮೊದಲ ಭಾನುವಾರ ಅವಳು ಬಂದು ಕೊನೆಯ ಬೆಂಚಿನಲ್ಲಿ ಕೂತಳು. ದೇವಯ್ಯ ಸರಿದು ಜಾಗ ಕೊಟ್ಟ. ಮುಂದಿನ ಬೆಂಚಿನಲ್ಲಿ ಒಬ್ಬರು ತಿರುಗಿದರು, ಇಬ್ಬರು ತಿರುಗಿದರು.

"ಲೋಟ ತೊಳೆಯೋಕೆ ಕರೆದಿರಬೇಕು," ಎಂದು ಯಾರೋ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು.

ಮುಂದಿನವರು ಎದ್ದರು, ಮೊಣಕಾಲೂರಿದರು, ರೊಟ್ಟಿ ತಿಂದರು, ತಟ್ಟೆಯಿಂದ ಒಂದೊಂದು ಪುಟ್ಟ ಲೋಟ ಎತ್ತಿಕೊಂಡು ಔಷಧಿಯ ಹಾಗೆ ಗುಟುಕರಿಸಿ ಇಟ್ಟರು. ಗಾಜು ಗಾಜಿಗೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು. ಕೊನೆಗೆ ಮಾರಕ್ಕ ಹೋದಳು. ರೊಟ್ಟಿ ತೆಗೆದುಕೊಂಡಳು. ಅಯ್ಯನವರು ತಟ್ಟೆ ಹಿಡಿದರು. ಅವಳು ಕೈ ಚಾಚಲಿಲ್ಲ.

"ಬಟ್ಟಲು ತನ್ನಿ ಅಯ್ನೋರೇ."

ಮೆಲ್ಲಗೇ ಅಂದಳು. ಆದರೆ ಆ ಹೊತ್ತಿನಲ್ಲಿ ದೇವಾಲಯದಲ್ಲಿ ಬೇರೆ ಸದ್ದಿರಲಿಲ್ಲ.

"ಮಾರಕ್ಕ..."

"ನನ್ನ ಕರೆದಿದ್ದು ಅದನ್ನ ತೋರಿಸಿ. ನಾನು ಕಾಯ್ತೀನಿ, ನಿಧಾನಕ್ಕೆ ತನ್ನಿ."

ಸತ್ಯನಾಥಯ್ಯನವರು ಗಂಟಲು ಸರಿಮಾಡಿಕೊಂಡರು. "ಅಯ್ನೋರೇ, ಕಮಿಟಿ ತೀರ್ಮಾನ ಆಗಿದೆ."

ಜಯಶೀಲ ಅಯ್ಯನವರು ಸತ್ಯನಾಥಯ್ಯನವರನ್ನು ನೋಡಿದರು, ಮೊಣಕಾಲೂರಿದ ಮಾರಕ್ಕನನ್ನು ನೋಡಿದರು. ತಟ್ಟೆಯನ್ನು ಮೇಜಿನ ಮೇಲಿಟ್ಟು ಪಕ್ಕದ ಕೋಣೆಗೆ ಹೋದರು. ಬೀರು ತೆರೆದ ಸದ್ದು ಎಲ್ಲರಿಗೂ ಕೇಳಿಸಿತು. ಬಟ್ಟಲು ತಂದರು, ಒರೆಸಿದರು. ಮೇಜಿನ ಮೇಲೆ ರಸ ತುಂಬಿದ ಲೋಟಗಳು ಇನ್ನೂ ಹದಿನೈದಿಪ್ಪತ್ತು ಉಳಿದಿದ್ದವು. ಒಂದೊಂದನ್ನೇ ಎತ್ತಿ ಬಟ್ಟಲಿಗೆ ಬಗ್ಗಿಸಿದರು. ಮೊದಲ ಮೂರು ನಾಲ್ಕನ್ನು ಒಂದು ತೊಟ್ಟೂ ಚೆಲ್ಲದ ಹಾಗೆ ನಿಧಾನವಾಗಿ. ಹತ್ತನೆಯದಕ್ಕೆ ಬರುವ ಹೊತ್ತಿಗೆ ಅವರು ಒಂದು ನಮೂನೆ ರಭಸದಿಂದಲೇ ಸುರಿಯುತ್ತಿದ್ದರು, ಎಂಟು ತಿಂಗಳ ಸಂಕೋಚವನ್ನೂ ಅದರ ಜೊತೆಗೇ ಸುರಿದುಬಿಡುವವರಂತೆ.

ಮಾರಕ್ಕ ಕುಡಿದಳು.

ಅಯ್ಯನವರು ಬಟ್ಟಲಿನ ಅಂಚು ಒರೆಸಿ, ಒಂದಿಷ್ಟು ತಿರುಗಿಸಿ, ಪಕ್ಕಕ್ಕೆ ನೋಡಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಬಟ್ಟಲು ಹಿಡಿದ ಅವರ ಕೈ ಹಾಗೇ ಕಾದಿತು.

ನಡುವಿನ ಸಾಲಿನಿಂದ ಬೆಂಚು ಕಿರುಗುಟ್ಟಿತು. ಕಾವೇರಮ್ಮ ಎದ್ದಿದ್ದರು. ಅವರು ಆಗಲೇ ಒಂದು ಸಲ ಹೋಗಿ ಪುಟ್ಟ ಲೋಟದಲ್ಲಿ ಕುಡಿದು ಬಂದಿದ್ದರು. ಮತ್ತೆ ಬಂದು ಮಾರಕ್ಕನ ಪಕ್ಕದಲ್ಲಿ, ಮಂಡಿನೋವಿಗೆ ಕಟಕಟೆ ಹಿಡಿದುಕೊಂಡು, ಮೊಣಕಾಲೂರಿದರು.

"ನಂಗೂ ಅದರಲ್ಲೇ ಕೊಡಿ," ಅಂದರು. ಆಮೇಲೆ, ಕಮಿಟಿಯಲ್ಲಿ ಬರದಿದ್ದ ಮಾತು ಈಗ ಬಂತು. ತಿರುಗಿ ಜನರ ಕಡೆ ನೋಡಿಯೇ ಅಂದರು, "ನೂರು ವರ್ಷದಿಂದ ಇದೇ ಬಟ್ಟಲು. ನಮ್ಮ ಅಜ್ಜಿ ಕುಡಿದದ್ದು ಇದರಲ್ಲಿ. ನಮ್ಮನ್ನ ಯಾರು ಇದಕ್ಕೆ ಕರೆದರೋ ಅವರೇ ಮಾರಕ್ಕನ್ನೂ ಕರೆದದ್ದು."

ದೇವಯ್ಯ ಬಂದ. ಕೊನೆಯ ಬೆಂಚಿನ ಇಬ್ಬರು ಬಂದರು. ನಡುವಿನಿಂದ ಒಂದು ಮುದುಕಿ, ಅವಳ ಹಿಂದೆ ಇನ್ನಿಬ್ಬರು ಬಂದರು. ಒಟ್ಟು ಎಂಟು ಜನ. ಒಂಬತ್ತನೆಯವರು ಬರಲಿಲ್ಲ. ಉಳಿದದ್ದನ್ನು ಅಯ್ಯನವರು ಕುಡಿದು ಮುಗಿಸಿದರು. ಈ ಸಲ ಜನರ ಕಡೆಗೆ ಮುಖ ಮಾಡಿಯೇ ಕುಡಿದರು.

ಇಬ್ಬರೂ ಹೊರಗೆ ಬಂದರು. ಕಾವೇರಮ್ಮ ಮೆಟ್ಟಿಲಿಳಿಯಲು ಕೈ ಚಾಚಿದರು, ಮಾರಕ್ಕ ಹಿಡಿದುಕೊಂಡಳು. ಎಂಟು ತಿಂಗಳಿಗೆ ಅಷ್ಟು ಸಾಕಾಗಿತ್ತೋ ಇಲ್ಲವೋ, ಅಂದಿಗೆ ಸಾಕಾಯಿತು.

ಸತ್ಯನಾಥಯ್ಯನವರು ಹಿಂದಿನಿಂದ ಕೂಗಿದರು. "ಮಾರಕ್ಕ! ಲೋಟಗಳು ಹಾಗೇ ಇವೆ."

"ಯಾರ್ ಕುಡಿದ್ರೋ ಅವ್ರೇ ತೊಳ್ಕಳ್ಲಿ ಸಾಮಿ. ನಾನು ಬಟ್ಟಲಲ್ಲಿ ಕುಡಿದೋಳು."

ಸತ್ಯನಾಥಯ್ಯನವರು ಎಂಟು ತಿಂಗಳಿಂದ ಅವನ್ನು ತೊಳೆಯುತ್ತಿದ್ದ ದೇವಯ್ಯನ ಕಡೆ ನೋಡಿದರು. ದೇವಯ್ಯ ಗಂಟೆಯ ಹಗ್ಗ ಸುತ್ತುವುದರಲ್ಲಿ ಬಹಳ ಮಗ್ನನಾಗಿದ್ದ. ಕೊನೆಗೆ ಚೂಡಾಮಣಿಯಮ್ಮನವರೇ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಟ್ಟೆಯನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಹೋದರು. ಅವರ ಜೊತೆಗೆ ಮುಂದಿನ ಬೆಂಚಿನ ಇನ್ನಿಬ್ಬರು. ಯಾವ ಲೋಟ ಯಾರದು ಎಂದು ಹೇಳುವಂತಿರಲಿಲ್ಲ. ಲೋಟದ ಬಾಯಿ ಎಷ್ಟು ಸಣ್ಣದೆಂದರೆ ಬೆರಳು ಒಳಗೆ ಹಾಕಿಯೇ ಉಜ್ಜಬೇಕು. ಊರ ಮಂದಿಯ ಎಂಜಲಿಗೆಲ್ಲ ಬೆರಳು ಹಾಕಿ, ಒಂದೊಂದಾಗಿ ತೊಳೆಯುತ್ತಾ, ಚೂಡಾಮಣಿಯಮ್ಮ ಗೇಟಿನ ಹತ್ತಿರ ಹೋಗುತ್ತಿದ್ದ ಮಾರಕ್ಕನನ್ನು ಕಂಡರು.

"ಏ ಮಾರಕ್ಕ, ಒಂದು ಕೈ ಹಾಕು ಬಾ ಇಲ್ಲಿ. ಎಷ್ಟಿವೆ ನೋಡು!"

ಮಾರಕ್ಕ ನಿಂತಳು. ಅವಳ ದನಿಯಲ್ಲಿ ಅಣಕವೇನೂ ಇರಲಿಲ್ಲ.

"ಬರೋ ತಿಂಗ್ಳು ನೀವೂ ಬಟ್ಟಲಲ್ಲೇ ಕುಡೀರಿ ಅಮ್ಮಾವ್ರೇ. ತೊಳೆಯೋ ಕೆಲ್ಸಾನೇ ಇರಾಕಿಲ್ಲ."

ಚೂಡಾಮಣಿಯಮ್ಮ ಬರುವ ತಿಂಗಳು ಕುಡಿಯಲಿಲ್ಲ. ಅದರ ಮುಂದಿನ ತಿಂಗಳೂ ಕುಡಿಯಲಿಲ್ಲ. ಎಂಬತ್ತೈದರಲ್ಲಿ ಅವರ ಮಗ ಅವರನ್ನು ಮತ್ತಿಕೆರೆಗೆ ಕರೆದುಕೊಂಡು ಹೋಗುವ ತನಕ ಆ ಸಭೆಯಲ್ಲಿ ಕರ್ತನ ಊಟ ಎರಡು ಪಂಕ್ತಿಯಲ್ಲೇ ನಡೆಯಿತು. ಒಂದು ಕಡೆ ತಟ್ಟೆ, ಇನ್ನೊಂದು ಕಡೆ ಬಟ್ಟಲು. ಅದನ್ನು ನೋಡಿ ನಾಚಿಕೆಪಟ್ಟವರು ಕೆಲವರು, ಪಡದವರು ಹಲವರು. ಬಟ್ಟಲಿನ ಕಡೆ ಎಂಟಿದ್ದದ್ದು ಹನ್ನೊಂದಾಯಿತು, ಒಂದು ವರ್ಷ ಹದಿನೇಳಾಯಿತು, ಮತ್ತೆ ಹನ್ನೆರಡಕ್ಕೆ ಇಳಿಯಿತು. ಮಾರಕ್ಕ ಎಣಿಸುತ್ತಿರಲಿಲ್ಲ. ಅವಳು ಪ್ರತಿ ತಿಂಗಳು ಬಂದಳು, ಮೊಣಕಾಲೂರಿದಳು, ಕುಡಿದಳು. ಕುಡಿದ ಮೇಲೆ ಪಕ್ಕಕ್ಕೆ ತಿರುಗಿ, ಖಾಲಿ ಜಾಗವಿದ್ದರೆ ಸ್ವಲ್ಪ ಆಚೆ ಸರಿದು, ಇನ್ನೊಬ್ಬರಿಗೆ ಆಗುವಷ್ಟು ಎಡೆ ಬಿಡುತ್ತಿದ್ದಳು.